ಅತ್ತೆ ವಾಪಸ್ ಕೊಟ್ಟ ಏಟು

ನಮ್ಮತ್ತೆಯ ತಲೆಯಲ್ಲಿ ಒಂದು ಹುಳ ಇತ್ತು. ಬಿಲಿಯರ್ಡ್ಸ್‌ನಂತೆ ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದಲ್ಲಿ ಮಾವ ತನ್ನೆದುರು ನಿಜವಾಗಿ ಸೋಲುತ್ತಾರೋ, ಇಲ್ಲ ಪಾಪ ಹೆಂಡತಿಯಲ್ಲವೇ ಎಂದು ಬಿಟ್ಟುಕೊಡುತ್ತಾರೋ? ಮದುವೆಯಾದಾಗಿನಿಂದ ಕೊರೆಯುತ್ತಿದ್ದ ಹುಳ ಅದು. ನಾನು ಅತ್ತೆಯ ಅಣ್ಣನ ಮಗಳು. ಇನ್ನೊಬ್ಬರ ಸಂಸಾರದಲ್ಲಿ ಮೂಗು ತೂರಿಸುವುದೆಂದರೆ ನನಗೆ ಊಟ ನಿದ್ದೆ ಬೇಡ. ಹಾಗಾಗಿ ಆ ಹುಳ ನನ್ನ ತಲೆಗೂ ಹೊಕ್ಕಿತು.

ಮಾವನದು ಟೈರ್ ಅಂಗಡಿಯ ಮೇಲಿನ ಪೂಲ್ ಹಾಲ್. ಇರುವುದು ಎರಡೇ ಟೇಬಲ್. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಕಿಟಕಿಯ ಗಾಜೆಲ್ಲ ಗಡಗಡ ಎನ್ನುತ್ತದೆ. ಅತ್ತೆಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಸಂಜೆ ಬಂದವರೇ ಕೈ ತೊಳೆದು ಕೋಲು ಹಿಡಿಯುತ್ತಾರೆ. ಕಲಿಸಿದ್ದು ಮಾವನೇ. ಆದರೂ ವಾರದಲ್ಲಿ ಹೆಚ್ಚು ದಿನ ಗೆಲ್ಲುವುದು ಅತ್ತೆ.

"ರೀ, ಬೇಕಂತ ಬಿಟ್ರಾ?" ಎಂದು ಕೇಳಿದರೆ ಮಾವ ಕೋಲಿನ ತುದಿಗೆ ಚಾಕ್ ಉಜ್ಜುತ್ತಾ, "ಏನೋಪ್ಪ" ಎಂದು ಹಲ್ಲು ಕಿರಿಯುತ್ತಿದ್ದರು. ಆ ನಗುವಿಗೆ ಅತ್ತೆಯ ಗೆಲುವಿನ ಖುಷಿಯೆಲ್ಲ ಇಳಿದುಹೋಗುತ್ತಿತ್ತು.

ಹೀಗಿರುವಾಗ ಪೂಲ್‌ನ ವೃತ್ತಿಪರ ಚಾಂಪಿಯನ್‌ಷಿಪ್ ನಮ್ಮೂರಿನಲ್ಲಿ ನಡೆಯುವುದೆಂದಾಯಿತು. ಹೊರಗಿನಿಂದ ದೊಡ್ಡ ದೊಡ್ಡ ಆಟಗಾರರು ಬಂದಿಳಿದರು. ಇಲ್ಲಿನವರಿಗೂ ಒಂದಿಷ್ಟು ಜಾಗ ಇಟ್ಟಿದ್ದರು. ಆಯ್ಕೆ ಪಂದ್ಯ ಗೆದ್ದು ಇವರಿಬ್ಬರೂ ಒಳಗೆ ಹೋದರು. ಚೀಟಿ ಎತ್ತಿದರೆ ಏನಾಗಬೇಕು? ಮೊದಲ ಸುತ್ತಿನಲ್ಲೇ ಗಂಡ ಹೆಂಡತಿ ಎದುರುಬದುರು!

ಅತ್ತೆ ಕುಣಿಯುವುದೊಂದು ಬಾಕಿ.

"ಅಷ್ಟು ಜನರ ಮುಂದೆ ಬಿಟ್ಟುಕೊಡೋಕಾಗಲ್ಲ ಕಣೆ. ಅವತ್ತು ಗೊತ್ತಾಗಿಬಿಡುತ್ತೆ," ಎಂದರು.

"ಗೆಲ್ಲೋದು ಬೇಡ್ವಾ ಅತ್ತೆ?"

"ಗೆಲ್ಲೋದು ಆಮೇಲಾಯ್ತು. ಮೊದಲು ಗೊತ್ತಾಗಲಿ."

ಪಂದ್ಯದ ದಿನ ನಾನು ಮುಂದಿನ ಸಾಲಿನಲ್ಲೇ ಕುಳಿತೆ. ಟೇಬಲ್ ಮೇಲೆ ಮಾತ್ರ ಬೆಳಕು, ಬಿಳಿ ಕೈಗವಸಿನ ರೆಫರಿ, ಕೆಮ್ಮಿದರೂ ತಿರುಗಿ ನೋಡುವ ಜನ. ಆಟವೇನೋ ಸುಲಭ. ಒಂದರಿಂದ ಒಂಬತ್ತರವರೆಗಿನ ನಂಬರಿನ ಚೆಂಡುಗಳಲ್ಲಿ, ಟೇಬಲ್ ಮೇಲೆ ಉಳಿದಿರುವ ಅತಿ ಕಡಿಮೆ ನಂಬರಿನದಕ್ಕೆ ಬಿಳಿ ಚೆಂಡು ಮೊದಲು ತಾಗಬೇಕು. ಕೊನೆಗೆ ಒಂಬತ್ತನ್ನು ಪಾಕೆಟ್‌ಗೆ ಹಾಕಿದವರು ಗೆದ್ದಂತೆ. ಒಂದು ಆಟ ಮಾವನಿಗೆ, ಒಂದು ಆಟ ಅತ್ತೆಗೆ ಎಂದು ಏರುತ್ತಾ ಏರುತ್ತಾ ಇಬ್ಬರೂ ಸಮಸಮ ಬಂದು ನಿಂತರು. ಉಳಿದದ್ದು ಒಂದೇ ಆಟ.

ಒತ್ತಾಗಿ ಜೋಡಿಸಿಟ್ಟ ಚೆಂಡುಗಳನ್ನು ಒಡೆದು ಚದುರಿಸುವ ಸರದಿ ಮಾವನದು. ಯಾವುದೋ ಒಂದು ಚೆಂಡು ಬಿದ್ದದ್ದರಿಂದ ಮುಂದಿನ ಏಟೂ ಅವರದೇ ಆಯಿತು, ಆದರೆ ಬಿಳಿ ಚೆಂಡು ಹೋಗಿ ಬೇರೆ ಚೆಂಡುಗಳ ಹಿಂದೆ ಅಡಗಿತು. ಮೊದಲು ಹೊಡೆಯಬೇಕಾದ ಒಂದನೇ ನಂಬರು ಅಲ್ಲಿಂದ ಕಾಣುತ್ತಲೇ ಇಲ್ಲ. ಇಂಥ ಇಕ್ಕಟ್ಟಿಗೆಂದೇ ಒಂದು ನಿಯಮವಿದೆ. ಒಡೆದ ಕೂಡಲೇ "ಪುಷ್" ಎಂದು ಹೇಳಿ ಬಿಳಿ ಚೆಂಡನ್ನು ಬೇಕಾದ ಕಡೆ ತಳ್ಳಬಹುದು. ಆದರೆ ಅಲ್ಲಿಂದ ಮುಂದಿನ ಏಟು ಯಾರದ್ದು ಎಂದು ತೀರ್ಮಾನಿಸುವುದು ಎದುರಾಳಿ. ಬೇಕಿದ್ದರೆ ತಾನೇ ಹೊಡೆಯಬಹುದು, ಬೇಡದಿದ್ದರೆ ನೀವೇ ಹೊಡೆಯಿರಿ ಎಂದು ವಾಪಸ್ ಕೊಡಬಹುದು.

ಮಾವ "ಪುಷ್" ಎಂದರು. ಮೆಲ್ಲಗೆ ತಳ್ಳಿದರು. ಬಿಳಿ ಚೆಂಡು ಉರುಳಿ ಉರುಳಿ ನಿಂತ ಜಾಗ ನೋಡಿ ನಾನು ಕುರ್ಚಿಯ ಅಂಚಿಗೆ ಜಾರಿದೆ. ಅಲ್ಲಿಂದ ಒಂದನೇ ನಂಬರನ್ನು ಟೇಬಲ್ಲಿನ ಅಂಚಿನುದ್ದಕ್ಕೂ ಸವರಿಕೊಂಡು ಹೋಗುವಂತೆ, ದೂರದ ಮೂಲೆಗೆ ಕಳಿಸಬೇಕು. ಉಳಿದವರಿಗೆ ಕಷ್ಟದ ಏಟು. ಅತ್ತೆಗೆ ಅದು ಕಣ್ಣು ಮುಚ್ಚಿ ಹೊಡೆಯುವ ಏಟು. ಹಾಲ್‌ಗೆ ಬರುವವರೆಲ್ಲ ಅದನ್ನು ಅತ್ತೆಯ ಏಟು ಎಂದೇ ಕರೆಯುತ್ತಿದ್ದರು. ಮಾವ ಅದನ್ನು ಹೊಡೆದದ್ದನ್ನು ನಾನಂತೂ ಕಂಡಿರಲಿಲ್ಲ.

ಅತ್ತೆಯ ಮುಖ ಕೆಂಪಾಯಿತು. ಇಷ್ಟು ಜನರ ಮುಂದೆಯೂ ಬಿಟ್ಟುಕೊಡುತ್ತಿದ್ದಾರಲ್ಲ ಎಂಬ ಸಿಟ್ಟು. ಟೇಬಲ್ ಹತ್ತಿರವೂ ಹೋಗದೆ ರೆಫರಿಗೆ ಹೇಳಿದರು: "ಅವರೇ ಹೊಡೀಲಿ."

ಮಾವ ಬಗ್ಗಿದರು. ಒಂದನೇ ನಂಬರು ಅಂಚನ್ನು ಸವರಿಕೊಂಡು ಹೋಗಿ ಮೂಲೆಯ ಪಾಕೆಟ್‌ಗೆ ಬಿತ್ತು. ಆಮೇಲೆ ಎರಡು, ಮೂರು ಎಂದು ಒಂದಾದ ಮೇಲೊಂದು ಬಿದ್ದು ಒಂಬತ್ತೂ ಹೋಯಿತು. ಅತ್ತೆ ಕುರ್ಚಿಯಿಂದ ಏಳಲೇ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಚಹಾ ಹಿಡಿದು ಕುಳಿತೆವು. ನಾನು ಕೇಳುವ ಮೊದಲೇ ಅತ್ತೆ ಕೇಳಿದರು. "ಆ ಏಟು ಯಾವಾಗ ಕಲಿತ್ರಿ?"

"ನೀನು ಅಂಗಡಿಗೆ ಹೋದ್ಮೇಲೆ ದಿನಾ ಅದನ್ನೇ ಹೊಡೀತಿದ್ದೆ. ಹೊಟ್ಟೆಕಿಚ್ಚು."

"ನಾನು ವಾಪಸ್ ಕೊಡ್ತೀನಿ ಅಂತ ಗೊತ್ತಿತ್ತಾ?"

"ಗೊತ್ತಿಲ್ದೆ ಅಲ್ಲಿಡ್ತಿದ್ನಾ? ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೋತವರು ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಅಂದ್ರೆ ಇವತ್ತು ನಿಜವಾಗ್ಲೂ ಆಡಿದ್ರಿ. ಸದ್ಯ, ಗೊತ್ತಾಯ್ತಲ್ಲ. ಮತ್ತೆ ನಮ್ಮ ಹಾಲಲ್ಲಿ?"

ಮಾವ ಲೋಟದೊಳಗೆ ಏನೋ ಬಿದ್ದವರಂತೆ ಬಗ್ಗಿ ನೋಡಿದರು.

"ಅಲ್ಲೂ ನಿಜವಾಗ್ಲೇ ಆಡ್ತಿದ್ದೆ. ಒಂದು ದಿನಾನೂ ಬಿಟ್ಟುಕೊಟ್ಟಿಲ್ಲ."

"ಮತ್ತೆ ಕೇಳಿದಾಗೆಲ್ಲ ಏನೋಪ್ಪ, ಏನೋಪ್ಪ ಅಂತಿದ್ರಲ್ಲ?"

"ಕಲಿಸಿದೋನು ನಾನು. ಹಾಲ್ ನಂದು. ಹೆಂಡ್ತಿ ಹತ್ರ ಸೋತೆ ಅನ್ನೋದಕ್ಕಿಂತ, ಬಿಟ್ಟುಕೊಟ್ರು ಅಂತ ನೀನು ಅಂದ್ಕೊಂಡ್ರೆ ನನ್ನ ಮಾನ ಉಳಿಯುತ್ತೆ ಅನ್ನಿಸ್ತು. ಸುಮ್ನಿದ್ದೆ."

ನನಗೆ ಮಾವನ ಮೇಲೆ ಎಲ್ಲಿಲ್ಲದ ಕೋಪ ಬಂತು. ಅತ್ತೆ ಬೈಯಲಿಲ್ಲ. ನಗು ಮಾತ್ರ ನಿಂತುಹೋಯಿತು.

"ಇವತ್ತಿನ ಆ ಏಟು ನಾನೇ ಹೊಡೆದಿದ್ರೆ?"

"ನೀನೇ ಗೆಲ್ತಿದ್ದೆ," ಎಂದರು ಮಾವ. ಈ ಸಲ ಹಲ್ಲು ಕಿರಿಯಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೆದ್ದಾಗೆಲ್ಲ ನೀವು ಕೊಟ್ಟಿದ್ದು ಅಂತ ಇಸ್ಕೊಂಡೆ. ನಂದೇ ಅಂತ ಒಂದು ದಿನಾನೂ ಖುಷಿಪಡಲಿಲ್ಲ ಕಣ್ರೀ."