ವರ್ಲಿನ್ ಟ್ಯಾಕೆಟ್ ಒಪ್ಪಿಕೊಂಡ ಪಾಪ

ಅಮೆರಿಕದ ಟೆನೆಸಿಯ ಹತ್ತಿಸೀಮೆಯಲ್ಲಿ ಒಂದು ಕಾಲಕ್ಕೆ ವರ್ಲಿನ್ ಟ್ಯಾಕೆಟ್ ಗಿಟಾರ್ ಹಿಡಿದು ನಿಂತನೆಂದರೆ ಸಾಕು, ಹುಡುಗಿಯರು ಮುತ್ತಿಕೊಳ್ಳುತ್ತಿದ್ದರು. ಹಳ್ಳಿಯ ಕಂಟ್ರಿ ಹಾಡಿಗೆ ರಾಕಬಿಲಿ ಎಂಬ ಕುಣಿಸುವ ಧಾಟಿಯ ನಾಗಾಲೋಟ ಕಟ್ಟುತ್ತಿದ್ದ ಪುಣ್ಯಾತ್ಮ. ಮೆಂಫಿಸ್ ನಗರದಲ್ಲಿ ಅವನದೊಂದು ಹಾಡು ರೆಕಾರ್ಡ್ ಆಗಿ, ಒಂದು ಬೇಸಿಗೆಯಿಡೀ ರೇಡಿಯೊದಲ್ಲಿ ಮೊಳಗಿತು. ಆಮೇಲೆ? ಆಮೇಲೇನೂ ಇಲ್ಲ. ಬಿಯರ್ ಅಂಗಡಿಗಳಲ್ಲಿ ಹಾಡುತ್ತ, ಊರೂರು ಅಲೆಯುತ್ತ ನಲವತ್ತು ದಾಟಿದ. ಆದರೂ ಗಿಟಾರ್ ಬಿಡಲಿಲ್ಲ, ಹಠಮಾರಿ.

ಅವನ ಮನೆಯವರ ಚರ್ಚಿನಲ್ಲಿ ಬಾಯಿಹಾಡಷ್ಟೇ, ವಾದ್ಯ ಮುಟ್ಟುವಂತಿಲ್ಲ. ಗಿಟಾರ್ ಹೊತ್ತು ಕುಡುಕರೆದುರು ಹಾಡುವವನನ್ನು ಸಭೆ ಹೊರಗಿಟ್ಟಿತ್ತು. ಮತ್ತೆ ಒಳಬರಲು ಒಂದೇ ದಾರಿ: ಉಪದೇಶ ಮುಗಿದು ಪಾಪಿಗಳನ್ನು ಮುಂದೆ ಕರೆಯುವ ಹಾಡು ಶುರುವಾದಾಗ ಎಲ್ಲರೆದುರು ಮುಂದಕ್ಕೆ ನಡೆದು, ಮಾಡಿದ್ದು ಪಾಪವೆಂದು ಒಪ್ಪಿಕೊಳ್ಳಬೇಕು. ಕುಡಿದದ್ದು ಪಾಪ ಎನ್ನುತ್ತೇನೆ, ಹಾಡಿದ್ದು ಪಾಪವೆಂದು ಸತ್ತರೂ ಅನ್ನಲಾರೆ ಎನ್ನುತ್ತಿದ್ದ ವರ್ಲಿನ್.

ಅಷ್ಟರಲ್ಲಿ ತಾಯಿ ಓಪಲ್ ಹಾಸಿಗೆ ಹಿಡಿದಳು. ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಸಭೆಯಿಂದ ಹೊರಗಾದ ಮಗ ಪರಲೋಕದಲ್ಲಿ ಸಿಗುವುದಿಲ್ಲವಲ್ಲ ಎಂಬ ಕೊರಗಿನಲ್ಲೇ ಅವ್ವ ಸಾಯುತ್ತಾಳೆಂದು ಅಕ್ಕ ವೀಡಾ ಫೋನಿನಲ್ಲಿ ಅತ್ತಳು. ಅವ್ವನನ್ನು ಕೇಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಆ ಭಾನುವಾರ ವರ್ಲಿನ್ ತಲೆತಗ್ಗಿಸಿ ಮುಂದಕ್ಕೆ ನಡೆದ. ಹಾಡಿದ್ದೆಲ್ಲ ಪಾಪ, ಇನ್ನು ಆ ಹಾಡುಗಳನ್ನು ಬಾಯಿಗೆ ತರುವುದಿಲ್ಲ, ಗಿಟಾರ್ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟ. ಎಲ್ಲರೂ ಬಂದು ತಬ್ಬಿಕೊಂಡರು. ಅಲ್ಲಿಂದ ನೇರ ತಾಯಿಯ ಬಳಿ ಹೋಗಿ ಎಲ್ಲ ಹೇಳಿದ.

"ಹಾಡಿದ್ದು ಪಾಪ ಅಂದ್ಯಾ?" ಎಂದಳು ಓಪಲ್.

"ಹೂಂ ಅವ್ವ. ನಿನಗೋಸ್ಕರ."

"ಹಾಗನ್ನು ಅಂತ ನಾನ್ಯಾವಾಗ ಅಂದೆ ಮಗಾ? ನಿಮ್ಮಪ್ಪ ಹೊಲಕ್ಕೆ ಹೋದ್ಮೇಲೆ ರೇಡಿಯೊ ಸಣ್ಣಗೆ ಹಾಕ್ಕೊಂಡು ನಿನ್ನ ಹಾಡು ದಿನಾ ಕೇಳ್ತಿದ್ದೆ. ಅದ್ರಲ್ಲಿ ಪಾಪ ಎಲ್ಲಿತ್ತೋ? ದೇವರೆದುರಿಗೆ ಸುಳ್ಳು ಹೇಳಿ ಬಂದ್ಯಲ್ಲೋ."

ನೀನು ಗಿಟಾರ್ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಒಂದೇ ಒಂದು ಸಲ ಆ ಹಾಡು ಹೇಳು ಎಂದು ಓಪಲ್ ಕೇಳಿಕೊಂಡಳು. ಗಿಟಾರ್ ಕಾರಿನಲ್ಲೇ ಇತ್ತು. ವರ್ಲಿನ್ ಬಾಗಿಲವರೆಗೆ ಹೋಗಿ, ಬರಿಗೈಯಲ್ಲಿ ವಾಪಸು ಬಂದ. ದೇವರೇನು ಅಷ್ಟು ಕಟುಕನೇ? ಆದರೆ ಆ ಚರ್ಚಿನವರೇ ಹಾಗೆ, ಕೊಟ್ಟ ಮಾತು ಸುಳ್ಳಿನ ಮೇಲೆ ನಿಂತಿದ್ದರೂ ಮುರಿಯುವವರಲ್ಲ.

"ಆಗಲ್ಲ ಅವ್ವ. ಮಾತು ಕೊಟ್ಬಿಟ್ಟೆ."

"ಹೋಗ್ಲಿ ಬಿಡು."

ಓಪಲ್ ಆ ಹಾಡನ್ನು ತಾನೇ ಹಾಡತೊಡಗಿದಳು. ಉಸಿರು ಸಾಲದು, ಆದರೂ ಒಂದು ಪದ ತಪ್ಪಲಿಲ್ಲ. ಗಿಟಾರ್ ಬರುವ ಕಡೆಯಲ್ಲೆಲ್ಲ ಬಾಯಲ್ಲೇ ಅದರ ಸದ್ದು ಮಾಡಿದಳು. ವರ್ಲಿನ್ ಮಂಚದ ಪಕ್ಕ ಕೂತು ಕೊನೆಯವರೆಗೂ ಕೇಳಿದ, ಬಿಕ್ಕಿ ಬಿಕ್ಕಿ ಅತ್ತ, ಜೊತೆಗೆ ಹಾಡಲಿಲ್ಲ.