ಒಳಗೆ ಮಲಗಿದ್ದ ಗಂಡ

ಡೆಲ್ಮರ್ ಹಟ್ಸೆಲ್‌ಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆಯಿರಲಿಲ್ಲ. ಇದನ್ನು ಅವನ ಮುಖದೆದುರೇ ಹೇಳಿದ್ದೇನೆ, ಆದ್ದರಿಂದ ಬೆನ್ನ ಹಿಂದೆ ಆಡಿಕೊಂಡಂತಾಗುವುದಿಲ್ಲ. ನಾನು ಹಾಲಿಸ್ ಫೋರ್ಕ್ ಸ್ಟೇಟ್ ಪಾರ್ಕಿನ ಅಂಗಡಿಯಲ್ಲಿ ಸೌದೆ, ಐಸು, ಸೊಳ್ಳೆ ಔಷಧಿ ಮಾರುವವನು. ಅವನು ಅದೇ ಪಾರ್ಕಿನ ಕ್ಯಾಂಪ್ ಹೋಸ್ಟ್. ಹೋಸ್ಟ್ ಎಂದರೆ ಸಂಬಳವಿಲ್ಲದ ಯಜಮಾನಿಕೆ. ತನ್ನ ಕ್ಯಾಂಪರ್ ಗಾಡಿ, ಅಂದರೆ ಚಕ್ರದ ಮೇಲಿನ ಮನೆ, ನಿಲ್ಲಿಸಲು ಜಾಗ, ಕರೆಂಟು, ನೀರು ಪುಕ್ಕಟೆ. ಬದಲಿಗೆ ಬಂದವರ ಒಲೆಗುಂಡಿಗಳ ಬೂದಿ ತೆಗೆಯಬೇಕು, ಕಕ್ಕಸು ತೊಳೆಯಬೇಕು, ಗಲಾಟೆ ಮಾಡುವವರನ್ನು ಗದರಿಸಬೇಕು. ಕೊನೆಯ ಕೆಲಸವನ್ನಂತೂ ಡೆಲ್ಮರ್ ಕೈಯಿಂದ ಕಾಸು ಕೊಟ್ಟಾದರೂ ಮಾಡುತ್ತಿದ್ದ.

ಮೊದಲು ಅವನು ಶಾಲಾ ಬಸ್ಸು ಓಡಿಸುತ್ತಿದ್ದ. ಕೊನೆಯ ಮಗು ಇಳಿದ ಮೇಲೆ ಡ್ರೈವರು ಹಿಂದಿನ ಸೀಟಿನವರೆಗೂ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಬೇಕೆಂಬುದು ಆ ಕೆಲಸದ ಕಟ್ಟಳೆ. ಒಂದು ಚಳಿಗಾಲದಲ್ಲಿ ಹಾಗೆ ಬಗ್ಗಿದಾಗ ನಿದ್ದೆಹೋದ ಪುಟ್ಟ ಹುಡುಗಿಯೊಬ್ಬಳು ಸಿಕ್ಕಿದಳಂತೆ. ಹೊರಗೆ ಹಿಮ ಬೀಳುತ್ತಿತ್ತಂತೆ. ಅಂದಿನಿಂದ ಯಾರು ಏನು ಹೇಳಿದರೂ ತಾನೇ ಬಗ್ಗಿ ನೋಡುವ ಚಾಳಿ ಅಂಟಿಕೊಂಡಿತು. "ನಾನು ಸತ್ತೆ ಅಂತ ಡಾಕ್ಟ್ರೇ ಹೇಳಿದ್ರೂ ಇವ್ನು ನಂಬಲ್ಲ, ಅಲ್ಲಾಡಿಸಿ ನೋಡ್ತಾನೆ" ಎನ್ನುತ್ತಿದ್ದಳು ಅವನ ಹೆಂಡತಿ ಫರ್ನ್. ಅವಳು ತೀರಿಹೋದ ಮೇಲೆ ಮನೆ ಮಾರಿ, ಗಾಡಿ ಕೊಂಡು, ನಮ್ಮ ತಲೆ ತಿನ್ನಲು ಇಲ್ಲಿಗೆ ಬಂದ.

ಇಡೀ ದಿನ ಬ್ಯಾಟರಿ ಗಾಡಿಯಲ್ಲಿ ಕ್ಯಾಂಪಿನ ಸುತ್ತ ಗಸ್ತು. ಹುಳು ಬರುತ್ತದೆಂದು ನಿಷೇಧಿಸಿದ ಬೇರೆ ಊರಿನ ಸೌದೆಯನ್ನು ಕದ್ದುಮುಚ್ಚಿ ತಂದವರು ಯಾರು, ನಾಯಿ ಮಾಡಿದ್ದನ್ನು ಎತ್ತದೆ ಹೋದವರು ಯಾರು, ಎಲ್ಲ ಅವನಿಗೆ ಗೊತ್ತು. ಸಂಜೆ ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ವರದಿ ಒಪ್ಪಿಸುತ್ತಿದ್ದ. ಕೇಳದಿದ್ದರೂ ಬಿಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಎಲೆಗಳು ಕೆಂಪಾಗುವ ಹೊತ್ತಿಗೆ ಟೆನೆಸ್ಸೀ ರಾಜ್ಯದ ಅರ್ಧ ಜನ ನಮ್ಮ ಜಲಪಾತಗಳ ಮುಂದೆ ನಿಂತಿರುತ್ತಾರೆ. ಆ ನೂಕುನುಗ್ಗಲಿನ ನಡುವೆ ಒಂದು ಹಳೆಯ ಕ್ಯಾಂಪರ್ ಗಾಡಿ ಬಂತು. ಓಡಿಸಿದವಳು ಹೆಂಗಸು, ಹೆಸರು ಕೊರಿನ್ ಟ್ಯಾಬರ್, ಐವತ್ತು ದಾಟಿದವಳು. ಅಷ್ಟುದ್ದದ ಗಾಡಿಯನ್ನು ಒಂದೇ ಸಲಕ್ಕೆ ಹಿಂದಕ್ಕೆ ಹಾಕಿ ನಿಲ್ಲಿಸಿದಳು. ಇಳಿದು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಕರೆಂಟು, ನೀರು, ಕೊಳೆನೀರಿನ ಕೊಳವೆ ಎಲ್ಲವನ್ನೂ ತಾನೇ ಜೋಡಿಸಿದಳು. ಆಮೇಲೆ ಎರಡು ಕುರ್ಚಿ ಹಾಕಿ, ಬಾಗಿಲ ಬಳಿ ಗಂಡಸಿನ ಭಾರೀ ಬೂಟು ಒಂದು ಜೊತೆ ಇಟ್ಟು, ಪಕ್ಕದಲ್ಲಿ ನಾಯಿಯ ದೊಡ್ಡ ಬೋಗುಣಿ ಇಟ್ಟಳು. ಸಹಾಯ ಬೇಕೇ ಎಂದು ಡೆಲ್ಮರ್ ಕೇಳಿದ್ದಕ್ಕೆ, "ಬೇಡ, ನಮ್ಮೆಜಮಾನ್ರು ಒಳಗೆ ಮಲ್ಗಿದಾರೆ" ಎಂದು ಬಾಗಿಲು ಹಾಕಿಕೊಂಡಳು.

ಸಂಜೆ ಡೆಲ್ಮರ್ ಕುದಿಯುತ್ತಾ ಬಂದ.

"ಹೆಂಡ್ತಿ ಕೊಳೆನೀರಿನ ಕೊಳವೆ ಸಿಕ್ಕಿಸ್ತಿರುವಾಗ ಯಾವ ಗಂಡ ಕಣೋ ಒಳಗೆ ಮಲ್ಗಿರ್ತಾನೆ?"

"ಪುಣ್ಯವಂತ" ಎಂದೆ.

"ಸತ್ತಿರ್ಬೇಕು, ಇಲ್ಲ ಪೊಲೀಸ್ರಿಗೆ ಬೇಕಾಗಿರ್ಬೇಕು."

ಹುಚ್ಚು ಮಾತೆನಿಸಿದರೂ ನನ್ನ ತಲೆಗೂ ಹುಳ ಬಿಟ್ಟಿದ್ದ. ನಮ್ಮ ಕ್ಯಾಂಪುಗಳಲ್ಲಿ ಗಾಡಿ ನಿಲ್ಲಿಸುವುದೆಂದರೆ ಗಂಡಸರ ಮೆರವಣಿಗೆ. ಹೆಂಡತಿ ಓಡಿಸಿದರೂ ಗಂಡ ಹಿಂದೆ ನಿಂತು, ಕೈಬೀಸಿ, ಕೂಗಾಡಿ, ಮರಕ್ಕೆ ಗುದ್ದಿಸಿಯೇ ತೃಪ್ತಿಪಡುವುದು. ಆ ಹೊತ್ತಿನಲ್ಲಿ ಒಳಗೆ ಮಲಗಿದ ಗಂಡನನ್ನು ನಾನೂ ಕಂಡಿರಲಿಲ್ಲ.

ಮರುದಿನ ಅವಳು ಐಸಿಗೆಂದು ಅಂಗಡಿಗೆ ಬಂದಳು. ಮಾತು ತೆಗೆಯೋಣವೆಂದು ಯಜಮಾನರ ಹೆಸರೇನು ಎಂದೆ. ಒಂದು ಕ್ಷಣ ಐಸಿನ ಚೀಲವನ್ನೇ ನೋಡಿ "ಹ್ಯಾಂಕ್" ಎಂದಳು. ಡೆಲ್ಮರ್ ಕೇಳಿದಾಗ "ರಸ್" ಎಂದಿದ್ದಳಂತೆ. ಎರಡು ಹೆಸರು ಸಿಕ್ಕ ಮೇಲೆ ಕೇಳಬೇಕೇ, ಅವನ ಬ್ಯಾಟರಿ ಗಾಡಿ ಅವಳ ಜಾಗದ ಮುಂದೆ ಕುಂಟತೊಡಗಿತು. ಕಿಟಕಿಯ ಪರದೆ ಯಾವತ್ತೂ ಸರಿದಿಲ್ಲ, ನಾಯಿ ಬೊಗಳಿದ್ದು ಯಾರೂ ಕೇಳಿಲ್ಲ, ಎರಡನೆಯ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ಆದರೂ ಅವಳು ಹೊರಗೆ ಬರುವಾಗೆಲ್ಲ ಒಳಕ್ಕೆ ತಿರುಗಿ, "ಈಗ್ಲೇ ಬಂದೆ ಕಣ್ರೀ" ಎಂದು ಗಟ್ಟಿಯಾಗಿ ಹೇಳಿ ಬರುತ್ತಿದ್ದಳು.

ಅನುಮಾನ ಅವಳಿಗೂ ಕಡಿಮೆಯಿರಲಿಲ್ಲ. "ಆ ಮುದ್ಕ ಯಾಕೆ ನನ್ ಗಾಡಿ ಸುತ್ತಾನೇ ತಿರುಗ್ತಾನೆ? ಒಬ್ನೇನಾ ಇರೋದು?" ಎಂದು ನನ್ನನ್ನು ಕೇಳಿದಳು.

"ಅವ್ನು ಹೋಸ್ಟ್, ಮೇಡಂ. ಅದವನ ಕೆಲ್ಸ. ಎಲ್ಲರ್ದೂ ತಿರುಗ್ತಾನೆ."

"ನಂದು ಜಾಸ್ತಿ. ನಮ್ಮವ್ರಿಗೆ ಸಿಟ್ಟು ಮೂಗಿನ ಮೇಲೆ ಅಂತ ಹೇಳಿ ಅವನಿಗೆ. ಬಂದೂಕೂ ಇದೆ."

ನಾನು ಹೇಳಿದೆ. ಡೆಲ್ಮರ್ ಹೆದರಲಿಲ್ಲ, ಇನ್ನಷ್ಟು ಹುರುಪಾದ. "ನೋಡಿದ್ಯಾ, ಬಂದೂಕು!" ಎಂದು ತೊಡೆ ತಟ್ಟಿದ. ಈ ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡರೆ ನನಗೆ ನೆಮ್ಮದಿ ಎನಿಸಿತು.

ಅದಾದ ಮೇಲೆ ಒಂದು ಇಡೀ ದಿನ ಜೋರು ಮಳೆ. ಮರುದಿನ ಬೆಳಿಗ್ಗೆ ಬಿಸಿಲು ಬಂದಾಗ ಕೊರಿನ್ ಕೈಯಲ್ಲಿ ಕೋಲು ಹಿಡಿದು ಕೆಳಗಿನ ಜಲಪಾತದ ಕಾಲುದಾರಿಗೆ ಹೊರಟಿದ್ದನ್ನು ನಾನೇ ಕಂಡೆ. ಮಳೆ ಬಿದ್ದ ಮೇಲೆ ಆ ಕಣಿವೆಯ ಬಂಡೆಗಳು ಸೋಪು ಹಚ್ಚಿದಂತಿರುತ್ತವೆ. ಹುಷಾರು ಎಂದೆ. "ನಮ್ಮವ್ರು ಹಿಂದೇನೇ ಬರ್ತಾರೆ" ಎಂದು ನಿಲ್ಲದೆ ಹೋದಳು. ನಾನು ಗಿರಾಕಿಗಳಲ್ಲಿ ಮುಳುಗಿ ಅವಳನ್ನು ಮರೆತೆ.

ಹೊತ್ತು ಇಳಿಯುವಾಗ ಡೆಲ್ಮರ್ ಬಂದ. ಬೆಂಚಿನಲ್ಲಿ ಕೂರಲಿಲ್ಲ.

"ಆ ಬೂಟಿನ ತುಂಬಾ ಮಳೆನೀರು ನಿಂತಿದೆ ಕಣೋ. ಎಲೆ ಬೇರೆ ತೇಲ್ತಿದೆ."

"ಅದಕ್ಕೆ?"

"ನೆನೆಯೋ ಬೂಟನ್ನ ಯಾವ ಗಂಡಸಾದ್ರೂ ಒಳಗೆ ತಗೊಳಲ್ವಾ? ಇವತ್ತು ಬಿಸಿಲು ಬಂದಿದೆ. ನೀರು ಚೆಲ್ಲಿ ಒಣಗಿಸಲ್ವಾ?" ಅವನ ದನಿ ತಗ್ಗಿತು. "ಗಂಡ ಇಲ್ಲ ಕಣೋ. ನಾಯೀನೂ ಇಲ್ಲ. ಒಂಟಿ ಹೆಂಗ್ಸು. ಒಂಟಿ ಅಂತ ನಮ್ಮಂಥೋರಿಗೆ ಗೊತ್ತಾಗ್ಬಾರ್ದು ಅಂತ ಬೂಟು, ಬೋಗುಣಿ ಎಲ್ಲಾ ಇಟ್ಟಿದಾಳೆ."

ನಗಬೇಕೆನಿಸಿತು. ಇಷ್ಟು ದಿನ ಬೂಟಿನ ಮೇಲೆ ಪತ್ತೇದಾರಿಕೆ ಮಾಡಿದೆವಲ್ಲ ಎಂದು ಬಾಯಿ ತೆರೆದೆ. ಅವನ ಮುಖದಲ್ಲಿ ನಗುವಿರಲಿಲ್ಲ.

"ಎಲ್ಲಿ ಅವ್ಳು?"

"ಬೆಳಿಗ್ಗೆ ಕೆಳಗಿನ ಫಾಲ್ಸಿಗೆ ಹೋದ್ಲು."

"ಬಂದ್ಲಾ?"

"ಬಂದಿರ್ತಾಳೆ. ಬರದಿದ್ರೆ ಅವಳ ಗಂಡ..." ಎಂದವನು ನಿಲ್ಲಿಸಿದೆ. ಅವಳು ವಾಪಸು ಬಂದಿಲ್ಲವೆಂದು ಗಾಬರಿಯಾಗಿ ಓಡಿಬರಲು ಆ ಗಾಡಿಯಲ್ಲಿ ಯಾರೂ ಇರಲಿಲ್ಲ. ಇಡೀ ಕ್ಯಾಂಪಿಗೆ ಕ್ಯಾಂಪೇ, ಒಳಗೊಬ್ಬ ಸಿಡುಕು ಗಂಡನಿದ್ದಾನೆ, ಅವನೇ ನೋಡಿಕೊಳ್ಳುತ್ತಾನೆ ಎಂದು ನೆಮ್ಮದಿಯಾಗಿ ಮಾಂಸ ಸುಡುತ್ತಿತ್ತು. ಕಣಿವೆಯಲ್ಲಿ ಫೋನು ಹತ್ತುವುದಿಲ್ಲ. ಅಕ್ಟೋಬರಿನ ಚಳಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಅಲ್ಲಿ ರಾತ್ರಿ ಕಳೆದವರು ಬೆಳಗ್ಗೆ ಏಳುವುದು ಕಷ್ಟ.

"ನೀನು ರೇಂಜರಿಗೆ ಫೋನ್ ಮಾಡು. ನಾನು ಇಳೀತೀನಿ" ಎಂದ ಡೆಲ್ಮರ್.

"ಆ ನೋಯೋ ಮಂಡಿ ಇಟ್ಕೊಂಡು? ನಿನ್ನನ್ನೂ ಹೊತ್ಕೊಂಡು ಬರ್ಬೇಕಾ ನಾವು?" ಎಂದು ರೇಗಿದೆ. ಅವನು ಟಾರ್ಚು ಎತ್ತಿಕೊಂಡು ಆಗಲೇ ಹೋಗಿದ್ದ.

ರೇಂಜರ್ ಕೆಂಡ್ರಾ ಮತ್ತವಳ ಜನ ಸ್ಟ್ರೆಚರು, ಹಗ್ಗ ಹಿಡಿದು ಬಂದರು. ನಾನೂ ಅವರ ಹಿಂದೆ ಇಳಿದೆ. ತಳ ಮುಟ್ಟುವಾಗ ಮುಸ್ಸಂಜೆ. ಜಲಪಾತದ ಅಬ್ಬರಕ್ಕೆ ಕೂಗಿದರಷ್ಟೇ ಮಾತು ಕೇಳುತ್ತಿತ್ತು. ಕೊರಿನ್ ಬಂಡೆಗಳ ನಡುವೆ ಕಾಲು ಮುರಿದುಕೊಂಡು, ಡೆಲ್ಮರನ ಜಾಕೆಟ್ ಹೊದ್ದು ನಡುಗುತ್ತಾ ಕೂತಿದ್ದಳು. ಡೆಲ್ಮರ್ ಮಾತ್ರ ಅವಳ ಹತ್ತಿರವೇ ಇರಲಿಲ್ಲ. ದೂರದ ಬಂಡೆಯ ಮೇಲೆ, ತೆಳು ಅಂಗಿಯಲ್ಲಿ, ಟಾರ್ಚಿನ ಬೆಳಕನ್ನು ತನ್ನ ಎರಡು ಕೈಗಳ ಮೇಲೇ ಬಿಟ್ಟುಕೊಂಡು ಕೂತಿದ್ದ.

"ಅಲ್ಯಾಕೋ ಕೂತಿದೀಯ, ಬುದ್ಧಿ ಇದ್ಯಾ ನಿನಗೆ? ಹತ್ರ ಹೋಗಿ ಹಿಡ್ಕೋಬಾರ್ದಾ ಅವಳನ್ನ?" ಎಂದು ಕೂಗಿದೆ.

ಆಗ ನನಗೆ ಕೊರಿನ್‌ಳ ಮುಷ್ಟಿ ಕಂಡಿತು. ಅದರಲ್ಲೊಂದು ಕಲ್ಲಿತ್ತು. ಡೆಲ್ಮರ್ ಒಬ್ಬನೇ ಮರಗಳ ನಡುವಿನಿಂದ ಇಳಿದು ಬಂದದ್ದನ್ನು ಕಂಡಾಗ ಅವಳು ಅದನ್ನೆತ್ತಿ, "ನನ್ ಗಂಡ ಹಿಂದೇನೇ ಬರ್ತಿದಾರೆ!" ಎಂದು ಕಿರುಚಿದಳಂತೆ. ಅವನು ಅಲ್ಲೇ ನಿಂತು ಕೂಗಿ ಹೇಳಿದ್ದು ಇಷ್ಟೇ: "ಹೌದು ಮೇಡಂ, ದಾರೀಲಿ ಸಿಕ್ಕಿದ್ರು. ಮಂಡಿ ನೋವಂತೆ, ನಿಧಾನಕ್ಕೆ ಬರ್ತಿದಾರೆ." ಜಾಕೆಟ್ ಬಿಚ್ಚಿ ಅವಳತ್ತ ಎಸೆದು, ದೂರ ಹೋಗಿ, ತನ್ನ ಬರಿಗೈಗಳು ಅವಳಿಗೆ ಕಾಣುವಂತೆ ಕೂತನಂತೆ. ಇದನ್ನೆಲ್ಲ ಕೆಂಡ್ರಾ ಕಾಲು ಕಟ್ಟುವಾಗ ಕೊರಿನ್ನೇ ಹೇಳಿದಳು. ಎಷ್ಟೋ ಸುಳ್ಳುಗಳನ್ನು ಹಿಡಿದು ಹಾಕಿದ ಮುದುಕ, ಒಂದು ಸುಳ್ಳಿಗೆ ಹೀಗೆ ಹೆಗಲು ಕೊಟ್ಟಿದ್ದ. ಅವನನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಮೇಲಕ್ಕೆ ಹೊತ್ತು ತರುವಾಗ ಅರ್ಧ ಕ್ಯಾಂಪು ತಟ್ಟೆ ಹಿಡಿದುಕೊಂಡೇ ನೋಡಲು ನೆರೆದಿತ್ತು. ಅವಳ ಪಕ್ಕದ ಜಾಗದ ಬಾಯಿಬಡುಕನೊಬ್ಬ ಎಲ್ಲರಿಗೂ ಕೇಳುವಂತೆ, "ಎಲ್ರೀ ಇವರ ಗಂಡ? ಹೆಂಡ್ತಿ ಬಿದ್ರೂ ಎದ್ದಿಲ್ವಾ? ಗಾಡೀಲಿ ಯಾರೂ ಇಲ್ವೋ ಏನೋ" ಎಂದ.

ಕೊರಿನ್ ಕಣ್ಣು ಮುಚ್ಚಿದಳು. ಆಂಬುಲೆನ್ಸಿಗೆ ಏರಿಸುವಾಗ ಡೆಲ್ಮರನ ತೋಳು ಹಿಡಿದು, "ನಂಗೆ ಬೇರೆ ಮನೆ ಇಲ್ಲ. ಇರೋದೆಲ್ಲಾ ಆ ಗಾಡೀಲೇ ಇದೆ" ಎಂದಳು. ಹತ್ತಿರ ನಿಂತ ನನಗೂ ಕಷ್ಟಪಟ್ಟು ಕೇಳಿಸಿತು.

"ಗೊತ್ತು ಮೇಡಂ. ನೀವು ಹೋಗ್ಬನ್ನಿ" ಎಂದ ಅವನು.

ಆಂಬುಲೆನ್ಸು ಹೋದ ಮೇಲೂ ಜನ ಕದಲಲಿಲ್ಲ. ಎಲ್ಲರ ಕಣ್ಣೂ ಆ ಕತ್ತಲೆಯ ಗಾಡಿಯ ಮೇಲೆ. ಡೆಲ್ಮರ್ ಕುಂಟುತ್ತಾ ಅವರ ನಡುವೆಯೇ ನಡೆದು ಹೋಗಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿದ.

"ಸರ್, ಹೋಸ್ಟ್ ನಾನು. ನಿಮ್ಮನೆಯವ್ರು ಚೆನ್ನಾಗಿದಾರೆ. ಕಾಲಿಗೆ ಪೆಟ್ಟು, ಅಷ್ಟೇ. ನಾಳೆ ಬರ್ತಾರೆ. ನೀವು ಏಳ್ಬೇಡಿ ಸರ್, ಆ ಬಂದೂಕು ಕೆಳಗಿಡಿ."

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಅವನು ಸ್ವಲ್ಪ ಹೊತ್ತು ಬಾಗಿಲಿಗೆ ಕಿವಿಗೊಟ್ಟು ನಿಂತ. "ಆಯ್ತು ಸರ್, ಎಲ್ರಿಗೂ ಹೇಳ್ತೀನಿ" ಎಂದು ತಲೆಯಾಡಿಸಿ ಮೆಟ್ಟಿಲಿಳಿದ.