ಕತ್ತಲಲ್ಲಿ ದಿನಸಿ ಅಂಗಡಿಯವರೆಗೆ

ಎರಡು ವರ್ಷಗಳ ಹಿಂದಿನ ಏಪ್ರಿಲ್. ಸಿಂಗಪುರದ ಜುರಾಂಗ್ ಈಸ್ಟ್‌ನ ಒಂದು ಕಚೇರಿಯಲ್ಲಿ ನಾನು ಕಾಲೇಜು ಸಲಹೆಗಾರನಾಗಿದ್ದೆ. ಅಮೆರಿಕಕ್ಕೆ ಓದಲು ಹೊರಟವರಿಗೆ ಯಾವ ಕಾಲೇಜು ಸರಿ ಎಂದು ಹೇಳುವುದು ನನ್ನ ಕೆಲಸ. ಸ್ವತಃ ನಾನು ಓದಿದ್ದು ಮನೆಯಿಂದ ನಾಲ್ಕು ಸ್ಟಾಪ್ ಆಚೆ. ಅದನ್ನು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ನನ್ನ ನಿಜವಾದ ಬಂಡವಾಳ ಮಿಮಿಕ್ರಿ. ಕುರ್ಚಿ ಎಳೆಯುವ ಮೊದಲೇ "ರ‍್ಯಾಂಕಿಂಗ್ ಎಷ್ಟು?" ಎನ್ನುವ ಅಪ್ಪಂದಿರು, ಮೂರು ಬಾರಿ ಕೆಮ್ಮದೆ ಮೀಟಿಂಗ್ ಶುರುಮಾಡದ ನಮ್ಮ ಬಾಸ್, ಎಂಆರ್‌ಟಿ ರೈಲಿನ ಬಾಗಿಲು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ.

ಆಗ ಬಂದವಳು ನಿಧಿ. ಸಿಂಗಪುರದ ಕ್ಲೆಮೆಂಟಿ ಬಡಾವಣೆಯಲ್ಲೇ ಬೆಳೆದ ಹುಡುಗಿ. ಜೊತೆಗೆ ಅವಳ ತಂದೆ, ಉಡುಪಿ ಕಡೆಯ ಪ್ರಭಾಕರ ಅಂಕಲ್. ನಿಧಿಗೆ ರೆಟಿನಾದ ಕಾಯಿಲೆ. ಕತ್ತಲಾದರೆ ಅವಳಿಗೆ ಏನೂ ಕಾಣುವುದಿಲ್ಲ. ಹಗಲಿನ ನೋಟವೂ ಅಂಚಿನಿಂದ ಕಿರಿದಾಗುತ್ತಿತ್ತು. "ಸಂಜೆ ಏಳಾದ್ರೆ ನನ್ನ ಕಣ್ಣು ರಜೆ ಹಾಕ್ತಾವೆ ಅಣ್ಣಾ" ಎಂದು ಅವಳೇ ನಗುತ್ತಾ ಹೇಳಿದಳು.

ಅಮೆರಿಕದ ನಡುಭಾಗದ ಒಂದು ಮಧ್ಯಮ ಗಾತ್ರದ ನಗರದಲ್ಲಿ ಎರಡು ಕಾಲೇಜುಗಳು ಅವಳಿಗೆ ಸೀಟು ಕೊಟ್ಟಿದ್ದವು. ಒಂದು ಊರಾಚೆ ಗುಡ್ಡದ ಮೇಲೆ, ಇನ್ನೊಂದು ಊರಿನ ನಟ್ಟನಡುವೆ. ತಿಂಗಳ ಕೊನೆಯೊಳಗೆ ಒಂದಕ್ಕೆ ಒಪ್ಪಿಗೆ ತಿಳಿಸಬೇಕಿತ್ತು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೆ, ಅಂದರೆ ವ್ಯಾನಿನ ಕಿಟಕಿಯಿಂದ. ನಮ್ಮ ವೃತ್ತಿಯಲ್ಲಿ ಫ್ಯಾಮ್ ಟೂರ್ ಎಂಬುದೊಂದಿದೆ. ಕಾಲೇಜಿನವರೇ ಸಲಹೆಗಾರರನ್ನು ಕರೆಸಿ, ವ್ಯಾನಿನಲ್ಲಿ ಸುತ್ತಿಸಿ, ಊಟ ಹಾಕಿ, ಬ್ಯಾಗು ಕೊಟ್ಟು ಕಳಿಸುತ್ತಾರೆ. ಮದುವೆಗೆ ಹೋಗಿಬಂದ ಹಾಗೆ.

ಗುಡ್ಡದ ಕಾಲೇಜಿನ ಗೈಡ್‌ನ ದನಿಯಲ್ಲಿ ನಾನು ಕೆರೆ, ಮೇಪಲ್ ಮರಗಳನ್ನು ವರ್ಣಿಸಿದೆ. ಅಂಕಲ್ ಬಿದ್ದುಬಿದ್ದು ನಕ್ಕರು. ನಿಧಿ ಕೇಳಿದಳು: "ಅಣ್ಣಾ, ಅಲ್ಲಿ ಬಸ್ ಹೇಗೆ ಕೇಳ್ಸುತ್ತೆ?"

ಬಸ್ಸು ನಿಂತು, ಬಾಗಿಲು ತೆರೆದು ಮುಚ್ಚಿದ್ದನ್ನು ಮಾಡಿ ತೋರಿಸಿದೆ.

"ಅಯ್ಯೋ, ಇದು ನಮ್ಮ ಕ್ಲೆಮೆಂಟಿ ಬಸ್ ಲಾ!" ಎಂದಳು, ಸಿಂಗಪುರದವರ ಆ 'ಲಾ' ಸೇರಿಸಿ. " ಅಲ್ಲಿ ನೀವು ಬಸ್ಸೇ ಹತ್ತಿಲ್ಲ ಅಲ್ವಾ?"

ನನ್ನ ಮಿಮಿಕ್ರಿಗೆ ಚಪ್ಪಾಳೆ ತಟ್ಟದವರು ಇದ್ದಾರೆ. ಸದ್ದು ಯಾವ ಊರಿನದು ಎಂದು ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ.

ಅಂಕಲ್‌ಗೆ ಬಸ್ಸು ಬೇಕಿರಲಿಲ್ಲ. "ಗುಡ್ಡದ್ದೇ ಇರ‍್ಲಿ. ಗೇಟಿದೆ, ಸೆಕ್ಯುರಿಟಿ ಇದೆ, ಊಟ ಒಳಗೇ. ಹೊರಗೆ ಕಾಲಿಡೋದೇ ಬೇಡ."

"ಅದೇ ಪ್ರಾಬ್ಲಮ್ ಪಪ್ಪಾ. ಹೊರಗೆ ಕಾಲಿಡದೆ ಇರೋಕೆ ಅಷ್ಟು ದೂರ ಯಾಕೆ? ಮನೇಲೇ ಇರ‍್ತೀನಲ್ಲ."

"ಇರು. ಯಾರು ಬೇಡ ಅಂದ್ರು?"

ನಗು ಅಲ್ಲಿಗೆ ನಿಂತಿತು. ಗೇಟಿನೊಳಗಿನ ಕಾಲೇಜು, ಇಲ್ಲವೇ ಕ್ಲೆಮೆಂಟಿ. ಅಂಕಲ್ ಮನಸ್ಸಿನಲ್ಲಿದ್ದದ್ದು ಅಷ್ಟೇ. ಮಗಳ ನೋಟ ಇನ್ನೂ ಕಿರಿದಾದ ಮೇಲೆ ಅವಳು ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ನಡೆಯುವುದನ್ನು ನೆನೆಯುವ ಧೈರ್ಯ ಅವರಿಗಿರಲಿಲ್ಲ.

ದಾರಿಯನ್ನು ನಿಧಿಯೇ ಹುಡುಕಿದಳು. ಎರಡೂ ಕಾಲೇಜುಗಳಲ್ಲಿ ಹೊಸಬರಿಗೆ ನೆರವಾಗುವ ವಿದ್ಯಾರ್ಥಿಗಳಿರುತ್ತಾರೆ. ನನ್ನಿಂದ ಅವರಿಗೆ ಫೋನ್ ಮಾಡಿಸಿದಳು. ಅವಳ ಷರತ್ತು ಇಷ್ಟು: ಅವರು ಕತ್ತಲಾದ ಮೇಲೆ ಹಾಸ್ಟೆಲಿನಿಂದ ಹತ್ತಿರದ ದಿನಸಿ ಅಂಗಡಿಯವರೆಗೆ ನಡೆಯಬೇಕು. ಕರೆ ಕಡಿಯದೆ ಫೋನು ಅಂಗಿಯ ಜೇಬಿನಲ್ಲಿರಬೇಕು. ವಿಡಿಯೋ ಇಲ್ಲ, ಮಾತಿಲ್ಲ. ಅಲ್ಲಿ ಕತ್ತಲಾಗುವ ಹೊತ್ತು ನಮಗೆ ಶನಿವಾರದ ಬೆಳಿಗ್ಗೆ. ಮೂವರೂ ಸ್ಪೀಕರ್ ಸುತ್ತ ಕುಳಿತೆವು.

ಮೊದಲು ಗುಡ್ಡದ ಹುಡುಗ. ಟಪ್ ಟಪ್ ಎನ್ನುತ್ತಿದ್ದ ಹೆಜ್ಜೆ ಮೆತ್ತಗಾಯಿತು. "ಫುಟ್‌ಪಾತ್ ಮುಗೀತು. ಈಗ ಹುಲ್ಲು" ಎಂದಳು ನಿಧಿ. ಕಾರುಗಳು ಕಿವಿ ಸವರಿಕೊಂಡು ಹೋದವು. ಹುಡುಗ ನಿಂತು, ಇಲ್ಲಿಂದ ಮುಂದೆ ಎಲ್ಲರೂ ಕಾರಿನಲ್ಲೇ ಹೋಗುವುದು ಎಂದು ಸಂಕೋಚದಿಂದ ಹೇಳಿದ.

ಆಮೇಲೆ ಊರ ನಡುವಿನ ಹುಡುಗಿ. ನನಗೆ ಕೇಳಿಸಿದ್ದು ಗದ್ದಲ. ನಿಧಿ ಕಣ್ಣು ಮುಚ್ಚಿ ಹೇಳುತ್ತಾ ಹೋದಳು. "ಪಕ್ಕದಲ್ಲಿ ಗೋಡೆ, ಹೆಜ್ಜೆ ಸದ್ದು ತಿರುಗಿ ಬರ‍್ತಿದೆ. ಈಗ ಗೋಡೆ ಇಲ್ಲ, ಗಲ್ಲಿ ಇರ‍್ಬೇಕು. ಮತ್ತೆ ಗೋಡೆ. ರೋಡ್ ಬಂತು. ಅಡ್ಡ ಹೋಗೋ ಗಾಡಿ ನಿಂತ್ವು, ಪಕ್ಕದವು ಹೊರಟ್ವು. ಈಗ ದಾಟ್ಬಹುದು." ಅವಳು ಹಾಗೆನ್ನುವುದಕ್ಕೂ ಅಲ್ಲಿ ಹೆಜ್ಜೆ ರಸ್ತೆಗಿಳಿಯುವುದಕ್ಕೂ ಸರಿಹೋಯಿತು. ನನ್ನ ಬಾಯಿಗೆ ಮೊದಲ ಬಾರಿ ಕೆಲಸವಿರಲಿಲ್ಲ. ಜೇಬಿನಲ್ಲಿದ್ದ ಒಂದು ಫೋನಿನಿಂದ ಅವಳು ನಮ್ಮ ಮೇಜಿನ ಮೇಲೆ ಬೀದಿಯೊಂದನ್ನು ಕಟ್ಟುತ್ತಿದ್ದಳು.

ಒಂದು ತಿರುವಿನಲ್ಲಿ ರಸ್ತೆ ಅಗೆಯುವ ಯಂತ್ರ ಎಲ್ಲವನ್ನೂ ನುಂಗಿತು. ನಿಧಿಯ ಬೆರಳುಗಳು ಮೇಜನ್ನು ಬಿಗಿಹಿಡಿದವು. "ಇಲ್ಲಿ ಏನೂ ಗೊತ್ತಾಗ್ತಿಲ್ಲ."

"ನೋಡಿದ್ಯಾ? ಇಂಥ ಕಡೆ ಏನ್ ಮಾಡ್ತಿ?" ಎಂದರು ಅಂಕಲ್.

"ನಿಂತು ಯಾರನ್ನಾದ್ರೂ ಕೇಳ್ತೀನಿ ಪಪ್ಪಾ. ನೀವೂ ಕೇಳ್ತೀರಲ್ಲ, ಮ್ಯಾಪ್ ಕೈಯಲ್ಲಿದ್ರೂ."

ಅಂಗಡಿ ಮುಟ್ಟಿದ ಮೇಲೆ ಆ ಹುಡುಗಿಯನ್ನು ವಿಚಾರಿಸಿದೆವು. ಗೋಡೆ, ಗಲ್ಲಿ, ಸಿಗ್ನಲ್, ಎಲ್ಲವೂ ನಿಧಿ ಹೇಳಿದಲ್ಲೇ ಇದ್ದವು. ತಿರುಗಿ ನೋಡಿದರೆ ಅಂಕಲ್ ಕೂಡ ಕಣ್ಣು ಮುಚ್ಚಿಕೊಂಡಿದ್ದರು. ಬೇರೆಯವರ ಎದುರು ಬೆಂಗಳೂರು ಕನ್ನಡವನ್ನೇ ಆಡುವ ಅವರ ಬಾಯಲ್ಲಿ ಊರಿನ ಮಾತು ಬಂತು. "ನನಗೆ ಬರೀ ಗಲಾಟೆ ಕೇಳಿದ್ದು ಮಾರಾಯ. ಇವಳು ಹೋಗಿಯೇ ಬಂದ್ಲು." ಕಣ್ಣು ತೆರೆದು, "ಊರೊಳಗಿನದ್ದಕ್ಕೇ ಒಪ್ಪಿಗೆ ಕಳಿಸು" ಎಂದರು.

ಕಾಲೇಜೊಂದನ್ನು ನೋಡಿದ್ದೇನೆ ಎನ್ನಬೇಕಾದರೆ ವ್ಯಾನಿಳಿದು ನಡೆದಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಪ್ರತಿ ಟೂರಿನಲ್ಲೂ ಕತ್ತಲಾದ ಮೇಲೆ ಹಾಲು ತರುವ ನೆಪದಲ್ಲಿ ಒಬ್ಬನೇ ಹೊರಡುತ್ತೇನೆ. ಎರಡು ಸಲ ದಾರಿ ತಪ್ಪಿದೆ. ಅಮೆರಿಕದ ಬಸ್ಸಿನ ಸದ್ದು ಮಾತ್ರ ಈಗ ನನ್ನ ಗಂಟಲಲ್ಲಿ ಚೆನ್ನಾಗಿ ಬರುತ್ತದೆ.

ಕಳೆದ ಚಳಿಗಾಲದಲ್ಲಿ ನಿಧಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಕಾರಿಲ್ಲ, ಪ್ರತಿಧ್ವನಿಯಿಲ್ಲ. ಹಿಟ್ಟಿನ ಚೀಲ ಹಿಸುಕಿದಂತೆ ಒಂದು ಸದ್ದು, ಬಿಟ್ಟುಬಿಟ್ಟು, ಹೆಜ್ಜೆಯ ಲಯದಲ್ಲಿ. ಕೊನೆಯಲ್ಲಿ ಅವಳ ದನಿ: "ಹಿಮ ಬಿದ್ರೆ ಊರೇ ಮ್ಯೂಟ್ ಆಗುತ್ತೆ ಅಣ್ಣಾ. ಇವತ್ತು ಮೂರು ಜನರನ್ನ ದಾರಿ ಕೇಳ್ದೆ. ಅಂಗಡಿಗೆ ಬಂದೆ. ಇದನ್ನ ಮಿಮಿಕ್ರಿ ಮಾಡಿ ನೋಡೋಣ!"

ಇನ್ನೂ ಪ್ರಯತ್ನಿಸುತ್ತಿದ್ದೇನೆ. ಬರುತ್ತಿಲ್ಲ.